ಮಳೆಗಾಲಕ್ಕೆ ಮೊದಲು ನಮಗೆ ಗೊಬ್ಬರ-ಔಷಧಿ ಅಂಗಡಿಯ ಬಿಲ್ಲು ಕೊಡಿಸಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರಗಳು.

ಪೋಡಿ, ಖಾತೆ, ಬಗರ್‌ಹುಕುಂ ಎಂದು ನಿಮ್ಮ ಮೇಜಿನ ಮೇಲೆ ಎಷ್ಟು ಅರ್ಜಿಗಳಿರುತ್ತವೆ ಎನ್ನುವುದು ನಮಗೂ ಗೊತ್ತು. ಇದು ಜಮೀನಿನ ಅರ್ಜಿ ಅಲ್ಲ. ನಿಮಗಿರುವ ಇನ್ನೊಂದು ಜವಾಬ್ದಾರಿಯ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕಡೆ ಅದು ಗೊತ್ತಿರುವವರು ತೀರಾ ಕಡಿಮೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 8ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಗ್ರಾಹಕ ಸಂರಕ್ಷಣಾ ಪರಿಷತ್ತು ಇರಬೇಕು. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ವರ್ಷಕ್ಕೆ ಕನಿಷ್ಠ 2 ಸಭೆ ಸೇರಬೇಕು. 16 ಮತ್ತು 17ನೇ ಕಲಂ ಇನ್ನೂ ಮುಖ್ಯವಾದವು. ಒಬ್ಬಿಬ್ಬರಿಗಲ್ಲದೆ ಒಟ್ಟು ಗ್ರಾಹಕರಿಗೇ ಅನ್ಯಾಯ ಆಗುತ್ತಿದ್ದರೆ ಯಾರು ಬೇಕಾದರೂ ನಿಮಗೆ ಬರೆದು ದೂರು ಕೊಡಬಹುದು. ಆ ದೂರಿನ ಮೇಲೆ ನೀವು ವಿಚಾರಣೆ ನಡೆಸಿ, ದೆಹಲಿಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಆ ಪ್ರಾಧಿಕಾರಕ್ಕೆ ಅಪಾಯಕಾರಿ ಮಾಲನ್ನು ಮಾರುಕಟ್ಟೆಯಿಂದ ವಾಪಸ್ ತರಿಸುವ ಅಧಿಕಾರವಿದೆ. ಸುಳ್ಳು ಜಾಹೀರಾತು ಕೊಟ್ಟ ಕಂಪನಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅದೇ ತಪ್ಪು ಮತ್ತೆ ಮಾಡಿದರೆ 50 ಲಕ್ಷದವರೆಗೆ.

ವಿಚಾರಣೆ ನಡೆಸಿ ವರದಿ ಕಳಿಸುವ ಅಧಿಕಾರ ನಿಮ್ಮ ಕಚೇರಿಯಲ್ಲೇ ಇದೆ. ನಾವು ಕೇಳುತ್ತಿರುವುದು ಅದರಲ್ಲಿ ಒಂದು ಪಾಲು ಮಾತ್ರ. ಮುಂಗಾರು ಹಿಡಿಯುವ ಮೊದಲು, ಅಂದರೆ ಮೇ ತಿಂಗಳು ಮುಗಿಯುವುದರೊಳಗೆ, ಜಿಲ್ಲೆಯ ಪ್ರತಿ ಗೊಬ್ಬರ-ಔಷಧಿ ಅಂಗಡಿಯಲ್ಲೂ ಕೇಳದೆಯೇ ಬಿಲ್ಲು ಸಿಗುವ ಹಾಗೆ ಮಾಡಿ.

ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ ಬಿಟ್ಟು ಗೊಬ್ಬರದ ಅಂಗಡಿಯ ಮೇಲೇ ಯಾಕೆ ಕಣ್ಣು ಎಂದು ಕೇಳಬಹುದು. ಮೊಬೈಲ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಇಲ್ಲ ಇನ್ನೊಂದು ತರಬಹುದು. ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಂದ ತೋಟದಲ್ಲಿ ಆ ವರ್ಷದ ಫಸಲು ವಾಪಸ್ ಬರುವುದಿಲ್ಲ. ಮಲೆನಾಡಿನಲ್ಲಿ ತೋಟ ಇರುವ ಪ್ರತಿ ಮನೆಯೂ ಮೊದಲ ಔಷಧಿಯನ್ನು ಮಳೆ ಜೋರಾಗುವ ಮುಂಚೆ ಹೊಡೆಸಬೇಕು. 40–45 ದಿನಕ್ಕೆ ಎರಡನೆಯದು. ಮಳೆ ಬಿಡುವು ಕೊಡಬೇಕು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗಬೇಕು, ಮೈಲುತುತ್ತ, ಸುಣ್ಣ ಸೇರಿಸಿ ಡ್ರಮ್ಮಿನಲ್ಲಿ ಕಲಸಿದ ಬೋರ್ಡೋ ದ್ರಾವಣ ಅವತ್ತೇ ಖರ್ಚಾಗಬೇಕು. ಇಷ್ಟೆಲ್ಲ ಕೂಡಿ ಬಂದ ದಿನ ಕೈಯಲ್ಲಿರುವ ಮೈಲುತುತ್ತ ಕಲಬೆರಕೆಯಾಗಿದ್ದರೆ ಮತ್ತೆ ಹೊಡೆಸಲು ಅವಕಾಶವೇ ಇರುವುದಿಲ್ಲ. ಕಾಯಿ ಉದುರುವುದು ಕಾಣುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ.

ಹೋದ ಮಳೆಗಾಲದಲ್ಲಿ ಪಕ್ಕದ ಊರಿನ ಒಬ್ಬ ಅಕ್ಕ ಒಂದು ಚೀಟಿ ಹಿಡಿದುಕೊಂಡು ಬಂದಿದ್ದರು. ಅವರಿಗೆ ಅರ್ಧ ಎಕರೆ ತೋಟ. ಗಂಡ ಇಲ್ಲ. ಔಷಧಿ ಹೊಡೆಸಿದ್ದರೂ ಕೊಳೆ ಬಂದಿತ್ತು. ಆ ಚೀಟಿ ಅಂಗೈಯಷ್ಟು ಕಾಗದ, ಹಳೆ ಕ್ಯಾಲೆಂಡರಿನ ಹಾಳೆಯನ್ನು ಹರಿದದ್ದು. ‘ತುತ್ತ 10, ಸುಣ್ಣ 10, ರಾಳ 1’ ಎಂದು ಅಂಗಡಿಯವರು ಬಾಲ್ ಪೆನ್ನಿನಲ್ಲಿ ಗೀಚಿದ್ದರು. ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಒಂದು ಮೊತ್ತ. ಅಂಗಡಿಯ ಹೆಸರಿಲ್ಲ. ತಾರೀಖಿಲ್ಲ. ಯಾವ ಕಂಪನಿಯ ತುತ್ತ, ಯಾವ ಬ್ಯಾಚು, ಒಂದೂ ಇಲ್ಲ. ಅದನ್ನು ಹಿಡಿದು ಅಂಗಡಿಗೆ ಹೋದರೆ ಬಂದ ಉತ್ತರ: ‘ಇದು ನಮ್ಮ ಅಂಗಡೀದು ಅಂತ ಎಲ್ಲಿ ಬರೆದಿದೆ ಅಮ್ಮ? ನೀವು ಕಲಸಿದ್ದು ಸರಿ ಇಲ್ಲ, ಅಷ್ಟೇ.’

ಆ ಅಕ್ಕ ಕಲಸಿದ್ದು ಸರಿಯಾಗೇ ಇತ್ತು. 100 ಲೀಟರ್ ನೀರಿಗೆ 1 ಕಿಲೋ ತುತ್ತ, 1 ಕಿಲೋ ಸುಣ್ಣ ಎನ್ನುವ ಲೆಕ್ಕ ನಮ್ಮ ಮನೆಗಳ ಮಕ್ಕಳಿಗೂ ಬಾಯಿಪಾಠ. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ, ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕಬೇಕು ಎನ್ನುವುದೂ ಅವರಿಗೆ ಗೊತ್ತು. ಹಾಗಂತ ತುತ್ತವೇ ಕಳಪೆಯಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬಿಡದೆ ಹೊಯ್ದ ಮಳೆಗೆ ಔಷಧಿ ತೊಳೆದು ಹೋಗಿದ್ದಿರಲೂಬಹುದು. ಅದನ್ನು ಹೇಳಬೇಕಾದದ್ದು ಪ್ರಯೋಗಾಲಯ. ಕಾಯ್ದೆಯ 38ನೇ ಕಲಂನಲ್ಲಿ ಅದಕ್ಕೆ ದಾರಿಯೂ ಇದೆ. ಜಿಲ್ಲಾ ಗ್ರಾಹಕರ ಆಯೋಗ, ಅಂದರೆ ಗ್ರಾಹಕರ ಕೋರ್ಟು, ಮಾಲಿನ ಮಾದರಿಗೆ ಮುದ್ರೆ ಹಾಕಿ ಪರೀಕ್ಷೆಗೆ ಕಳಿಸಬಹುದು, 45 ದಿನದಲ್ಲಿ ವರದಿ ಕೇಳಬಹುದು. ಆದರೆ ಮಾಲು ಯಾರಿಂದ ಬಂತು ಎಂದೇ ತೋರಿಸಲಾಗದಿದ್ದರೆ ಯಾರ ಮೇಲೆ ದೂರು ಕೊಡುವುದು? ಆ ಒಂದು ತುಂಡು ಕಾಗದ ಅಕ್ಕನ ದಾರಿಯನ್ನು ಮುಚ್ಚಿಬಿಟ್ಟಿತು.

ಇದು ಒಂದು ಅಂಗಡಿಯ ಕಥೆ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಬಿಳಿ ಚೀಟಿ ನಮ್ಮ ಕಡೆ ವಾಡಿಕೆ ಆಗಿಹೋಗಿದೆ. ಕಾನೂನು ಇದಕ್ಕೆ ಒಪ್ಪುವುದಿಲ್ಲ. ಮಾರಿದ ಮಾಲಿಗೆ ಬಿಲ್ಲು ಕೊಡದಿರುವುದನ್ನು 2019ರ ಕಾಯ್ದೆ ನೇರವಾಗಿ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ರಸಗೊಬ್ಬರಕ್ಕಂತೂ ಈ ನಿಯಮ ಮುಂಚಿನಿಂದಲೂ ಇದೆ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗದಿಗೆ ಕೊಟ್ಟರೂ ಸಾಲಕ್ಕೆ ಕೊಟ್ಟರೂ ಬಿಲ್ಲು ಕೊಡಲೇಬೇಕು, ದಾಸ್ತಾನು ಮತ್ತು ದರದ ಪಟ್ಟಿಯನ್ನು ಅಂಗಡಿಯಲ್ಲಿ ತೂಗುಹಾಕಬೇಕು. ಕೀಟನಾಶಕ, ಶಿಲೀಂಧ್ರನಾಶಕಗಳಿಗೆ 1968ರ ಕಾಯ್ದೆ ಇದೆ. ನೋಂದಣಿ ಸಂಖ್ಯೆ, ಬ್ಯಾಚ್ ನಂಬರು, ತಯಾರಾದ ದಿನ, ಅವಧಿ ಮುಗಿಯುವ ದಿನ ಇಲ್ಲದ ಡಬ್ಬಿಯನ್ನು ಮಾರುವ ಹಾಗೇ ಇಲ್ಲ.

ಎಲೆಚುಕ್ಕಿ ರೋಗ ಬಂದ ಮೇಲಂತೂ ಈ ಕಾಟ ಜಾಸ್ತಿ ಆಗಿದೆ. ತೋಟ ಒಣಗುವುದನ್ನು ನೋಡಿ ಕಂಗಾಲಾದವರಿಗೆ ಏನು ಹೇಳಿದರೂ ನಂಬುವ ಸ್ಥಿತಿ. ಅಂಥವರ ಮನೆ ಬಾಗಿಲಿಗೇ ಜೀಪಿನಲ್ಲಿ ಬಂದು, ‘ಒಂದೇ ಸಲಕ್ಕೆ ಎಲೆಚುಕ್ಕಿ ಮಾಯ’ ಎಂದು ಡಬ್ಬಿ ಮಾರಿ ಹೋಗುತ್ತಾರೆ. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ ಇರುವುದಿಲ್ಲ. ವಿಷದ ಪ್ರಮಾಣ ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತೂ ಇರುವುದಿಲ್ಲ. ಸಾವಯವ ಎನ್ನುವ ಒಂದು ಮಾತಿನ ಮರೆಯಲ್ಲಿ ಎಲ್ಲ ನಡೆಯುತ್ತದೆ. ಇದನ್ನು 16ನೇ ಕಲಂ ಕೆಳಗೆ ನೀವು ವಿಚಾರಣೆಗೆ ತೆಗೆದುಕೊಳ್ಳಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಬ್ಬೊಬ್ಬ ರೈತ ಒಂದೊಂದು ಡಬ್ಬಿಗಾಗಿ ಶಿವಮೊಗ್ಗಕ್ಕೆ ಅಲೆದು ಮುಗಿಯುವ ವಿಷಯ ಅಲ್ಲ ಇದು.

ಇನ್ನು ಅಂಗಡಿಯವರಿಗೆ ಎರಡು ಮಾತು. ನೀವು ನಮ್ಮವರೇ. ಕೊಯ್ಲು ಮುಗಿದು ದುಡ್ಡು ಬರುವವರೆಗೆ ಸಾಲಕ್ಕೆ ಮಾಲು ಕೊಟ್ಟು ಎಷ್ಟೋ ಮನೆಗಳ ತೋಟ ಉಳಿಸಿದ್ದೀರಿ. ಆ ಋಣ ನಮಗಿದೆ. ಹಾಗಾಗಿಯೇ ಬಿಲ್ಲು ಕೇಳಲು ನಾಲಗೆ ಏಳುವುದಿಲ್ಲ. ಕೇಳಿದರೆ ‘ಇಷ್ಟು ವರ್ಷದ ಮೇಲೆ ನಮ್ಮ ಮೇಲೆ ನಂಬಿಕೆ ಇಲ್ವಾ ಗೌಡ್ರೆ?’ ಎನ್ನುತ್ತೀರಿ. ನಂಬಿಕೆ ಇದೆ. ನಿಮ್ಮ ಮೇಲಿರುವ ನಂಬಿಕೆ ಎಲ್ಲೋ ದೂರದಲ್ಲಿ ಆ ಮಾಲು ತಯಾರಿಸಿದವನ ಮೇಲೆ ಇಡಲು ಆಗುವುದಿಲ್ಲ ಅಲ್ವಾ? ಬಿಲ್ಲು ನಿಮ್ಮನ್ನೂ ಕಾಯುತ್ತದೆ. ಮಾಲಿನ ದೋಷದಿಂದ ನಷ್ಟವಾದಾಗ ತಯಾರಕ ಯಾರೆಂದೇ ಗೊತ್ತಾಗದಿದ್ದರೆ ಹೊಣೆ ಮಾರಿದವರ ಮೇಲೆ ಬೀಳುತ್ತದೆ ಎಂದು 86ನೇ ಕಲಂ ಹೇಳುತ್ತದೆ. ಸಗಟು ವ್ಯಾಪಾರಿಯಿಂದ ನೀವು ಬಿಲ್ಲಿಲ್ಲದೆ ಮಾಲು ಇಳಿಸಿಕೊಂಡರೆ ನಾಳೆ ಕಟಕಟೆಯಲ್ಲಿ ಒಬ್ಬರೇ ನಿಲ್ಲಬೇಕಾಗುತ್ತದೆ.

‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ ಬುಕ್ಕಿನ ಕೆಳಗೆ ಅಚ್ಚು ಹಾಕಿಸುವವರಿಗೂ ಒಂದು ವಿಷಯ. ದೋಷ ಇರುವ ಮಾಲಿಗೆ ಆ ಸಾಲು ನಡೆಯುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ಕೆಟ್ಟ ಮಾಲನ್ನು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದೂ ಅನುಚಿತ ವ್ಯಾಪಾರವೇ. ಪ್ಯಾಕೆಟ್ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ‘ಬಿಲ್ ಬೇಕಂದ್ರೆ ಜಿಎಸ್‌ಟಿ ಬೇರೆ ಸೇರುತ್ತೆ’ ಎಂದು ಅದರ ಮೇಲೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಈಗ ನನ್ನ ಜೊತೆಗಾರರಿಗೆ, ಅಂದರೆ ಕೊಳ್ಳುವ ನಮಗೆ. ಜಿಲ್ಲಾಧಿಕಾರಿಗಳನ್ನು ಕೇಳುವ ಮೊದಲು ನಾವು ಮಾಡಬೇಕಾದ ಕೆಲಸ ಇದೆ. ಇದನ್ನು ಹೇಳದೆ ಈ ಪತ್ರ ನ್ಯಾಯವಾಗುವುದಿಲ್ಲ.

‘ಬಿಲ್ ಬೇಡ, ನೂರು ರೂಪಾಯಿ ಬಿಡಿ’ ಎಂದು ನಾವೇ ಕೇಳುತ್ತೇವೆ. ಇದು ನಿಲ್ಲಬೇಕು. ಆ ನೂರು ರೂಪಾಯಿಗೆ ನಮ್ಮ ಇಡೀ ಹಕ್ಕನ್ನು ಮಾರಿಕೊಂಡ ಹಾಗಾಗುತ್ತದೆ. ಸಾಲಕ್ಕೆ ತಂದದ್ದಕ್ಕೆ ಬಿಲ್ಲು ಯಾಕೆ ಎನ್ನುವವರೂ ಇದ್ದಾರೆ. ದುಡ್ಡು ಕೊಡುತ್ತೇನೆ ಎಂದು ಮಾತು ಕೊಟ್ಟು ತಂದವನೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕನೇ. ಅವನ ಒಪ್ಪಿಗೆಯಿಂದ ಆ ಮಾಲು ಬಳಸಿದ ಹೆಂಡತಿ, ಮಗನೂ ಗ್ರಾಹಕರೇ. ‘ನಾವು ಬೆಳೆದು ಮಾರುವವರು, ನಮಗೆಲ್ಲಿ ಗ್ರಾಹಕರ ಕೋರ್ಟು’ ಎನ್ನುವುದು ಇನ್ನೊಂದು ತಪ್ಪು ತಿಳುವಳಿಕೆ. ಸ್ವಂತ ದುಡಿಮೆಯಿಂದ ಜೀವನ ಮಾಡಲು ಕೊಂಡದ್ದು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಅಡಿಕೆ ಸುಲಿಯುವ ಯಂತ್ರಕ್ಕೂ, ಹೊಲಿಗೆ ಯಂತ್ರಕ್ಕೂ, ಬಾಡಿಗೆ ಆಟೋಕ್ಕೂ ಇದು ಅನ್ವಯಿಸುತ್ತದೆ. ಬಿತ್ತನೆ ಬೀಜದ ವಿಷಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರದ ರೈತರ ನಡುವಿನ ಪ್ರಕರಣ ಅದು. ಬೀಜ ಕೊಂಡ ರೈತ ಗ್ರಾಹಕ ಎಂದು ಕೋರ್ಟು ಹೇಳಿತು. ಬೀಜ ಕೆಟ್ಟಿರಬಹುದು ಎಂದು ಮೊದಲೇ ಊಹಿಸಿ ರೈತ ಒಂದು ಪಾಲು ತೆಗೆದಿಡಬೇಕು ಎಂದು ಬಯಸುವುದು ಸರಿಯಲ್ಲ ಎಂದೂ ಹೇಳಿತು.

ಹಾಗಿದ್ದರೂ ನನ್ನ ಸಲಹೆ ಕೇಳಿ. ಖಾಲಿ ಚೀಲ, ಖಾಲಿ ಡಬ್ಬಿ ಫಸಲು ಬರುವವರೆಗೂ ಎಸೆಯಬೇಡಿ. ಅದರ ಬ್ಯಾಚ್ ನಂಬರು ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ತುತ್ತದ ಚೀಲ ಒಡೆಯುವಾಗ ಒಂದು ಹಿಡಿ ಬೇರೆ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಡಬ್ಬಿಯ ಮೇಲೆ ಹೇಳಿದ ಪ್ರಮಾಣವನ್ನೇ ಬಳಸಿ. ಮೂರು ಔಷಧಿ ಒಟ್ಟಿಗೆ ಸೇರಿಸಿ ಹೊಡೆದು ಆಮೇಲೆ ಅಂಗಡಿಯವರನ್ನು ದೂರುವುದು ಸರಿಯಲ್ಲ. ದೂರು ಕೊಡುವುದಾದರೆ ನಡೆದದ್ದನ್ನೇ ಬರೆಯಿರಿ, ನಷ್ಟವನ್ನು ಉಬ್ಬಿಸಬೇಡಿ. ಒಬ್ಬನ ಸುಳ್ಳು ದೂರಿನಿಂದ ಹತ್ತು ನಿಜವಾದ ದೂರುಗಳ ಬೆಲೆ ಕಡಿಮೆಯಾಗುತ್ತದೆ. ಮತ್ತೆ, ಮುಂದಿನ ವರ್ಷ ನೋಡೋಣ ಎಂದು ಸುಮ್ನೆ ಕೂರಬೇಡಿ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು.

ಕೋರ್ಟು ಎಂದರೆ ಹೆದರುವವರಿಗೆ ಕೆಲವು ವಿಷಯ ಹೇಳಲೇಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ. 50 ಲಕ್ಷದವರೆಗಿನ ಪ್ರಕರಣಗಳನ್ನು ಅಲ್ಲೇ ಕೇಳುತ್ತಾರೆ. ವಕೀಲರನ್ನು ಇಡಲೇಬೇಕು ಎಂದಿಲ್ಲ, ನಮ್ಮ ಮಾತು ನಾವೇ ಹೇಳಬಹುದು. ಮಾಲು ಬೆಂಗಳೂರಿನಿಂದ ತರಿಸಿದ್ದರೂ, ಫೋನಿನಲ್ಲಿ ಆರ್ಡರ್ ಮಾಡಿದ್ದರೂ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಆಯೋಗದ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಇಲ್ಲ ಎರಡೂ ಆಗಬಹುದು. ಅದಕ್ಕೂ ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಎಷ್ಟೋ ವಿಷಯ ಅಲ್ಲೇ ಬಗೆಹರಿಯುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಜಿಲ್ಲಾಧಿಕಾರಿಗಳೇ, ಮತ್ತೆ ನಿಮ್ಮ ಹತ್ತಿರ ಬರುತ್ತೇನೆ.

ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ. 1986ರಲ್ಲಿ ಹಳೆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ ಅದು. ಅದನ್ನು ಆಚರಿಸಲಿ, ನಮ್ಮ ತಕರಾರಿಲ್ಲ. ಆದರೆ ಆ ಹೊತ್ತಿಗೆ ನಮ್ಮಲ್ಲಿ ಅಡಿಕೆ ಸುಗ್ಗಿ. ಹಗಲು ಕೊಯ್ಲು, ರಾತ್ರಿ ಸುಲಿತ, ಬೇಯಿಸುವ ಒಲೆ ಆರುವುದೇ ಇಲ್ಲ. ಆಗ ಶಿವಮೊಗ್ಗದ ಸಭಾಂಗಣದಲ್ಲಿ ಭಾಷಣ ಮಾಡಿದರೆ ಕೇಳಲು ಹಳ್ಳಿಯಿಂದ ಯಾರು ಬರಬೇಕು? ನಾವು ವರ್ಷದ ದೊಡ್ಡ ಖರೀದಿ ಮಾಡುವುದು ಮೇ–ಜೂನ್‌ನಲ್ಲಿ. ತುತ್ತ, ಗೊಬ್ಬರ, ಬೀಜ, ಕಂಬಳಿ, ಛತ್ರಿ, ಮಳೆಗಾಲದ ದಿನಸಿ ಎಲ್ಲ ಆಗಲೇ. ಪರಿಷತ್ತಿನ 2 ಸಭೆಗಳಲ್ಲಿ ಒಂದನ್ನು ಮೇ ಮೊದಲ ವಾರ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಇಡಿ. ಕೃಷಿ, ತೋಟಗಾರಿಕೆ, ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ಇಲಾಖೆಯವರು ಮೂವರೂ ಒಂದೇ ಮೇಜಿನಲ್ಲಿ ಕೂರಲಿ. ಅಂಗಡಿಯವರ ಸಂಘದವರನ್ನೂ ಕರೆಯಿರಿ.

ಅಲ್ಲಿಂದಾಚೆ ಇಲಾಖೆಯವರು ಅಂಗಡಿಗಳಿಗೆ ಒಟ್ಟಿಗೆ ಹೋಗಲಿ. ಬಿಲ್ ಬುಕ್ಕು, ದಾಸ್ತಾನು, ಲೇಬಲ್ಲು, ತಕ್ಕಡಿಯ ಮುದ್ರೆ ನೋಡಲಿ. ಮೈಲುತುತ್ತದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲಿ. ವರದಿ ಬರುವುದು ಆಗಸ್ಟಿನಲ್ಲಾದರೆ ನಮಗೆ ಉಪಯೋಗವಿಲ್ಲ, ಎರಡನೇ ಔಷಧಿಯೂ ಮುಗಿದಿರುತ್ತದೆ. ಅದಕ್ಕೇ ಮೇ ಎಂದು ಒತ್ತಿ ಹೇಳುತ್ತಿದ್ದೇನೆ. ಪ್ರತಿ ಅಂಗಡಿಯ ಮುಂದೆ ‘ಬಿಲ್ಲು ಪಡೆಯದೆ ಹೋಗಬೇಡಿ’ ಎನ್ನುವ ಫಲಕ, ಅದರ ಕೆಳಗೆ 1915 ಮತ್ತು ನಿಮ್ಮ ಕಚೇರಿಯ ದೂರಿನ ವಿಳಾಸ ಇರಲಿ. ಫಲಕವೇ ಕೇಳಿದರೆ ನಾವು ಬಾಯಿಬಿಟ್ಟು ಕೇಳಬೇಕಾದ ಸಂಕೋಚ ತಪ್ಪುತ್ತದೆ.

ದೂರ ಕೂಡ ಒಂದು ತೊಂದರೆ. ಸಿಗಂದೂರು ಸೇತುವೆ ಆದ ಮೇಲೆ ಶರಾವತಿ ಹಿನ್ನೀರಿನ ಆಚೆಯ ತುಮರಿಯವರು ಲಾಂಚಿಗೆ ಕಾಯುವುದು ತಪ್ಪಿದೆ, ನಿಜ. ಆದರೂ ತುಮರಿ, ನಮ್ಮ ತಾಲ್ಲೂಕಿನ ನಗರ, ನಿಟ್ಟೂರಿನಿಂದ ಶಿವಮೊಗ್ಗಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ತಕ್ಕ ಕಾರಣ ಕೊಟ್ಟು ಕೇಳಿಕೊಂಡರೆ ವಿಡಿಯೋ ಮೂಲಕ ವಿಚಾರಣೆಗೆ ಆಯೋಗ ಒಪ್ಪಬಹುದು ಎಂದು ಕಾಯ್ದೆಯಲ್ಲೇ ಇದೆ. ಆದರೆ ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಊರುಗಳಲ್ಲಿ ಇದು ಹೇಳಿದಷ್ಟು ಸುಲಭ ಅಲ್ಲ. ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ದೂರು ದಾಖಲಿಸಿಕೊಡಲು, ವಿಡಿಯೋ ವಿಚಾರಣೆಗೆ ಕೂರಲು ಒಂದು ಕುರ್ಚಿ, ಒಂದು ಕಂಪ್ಯೂಟರ್ ಗೊತ್ತು ಮಾಡಿ. ಕನ್ನಡದಲ್ಲಿ ಒಂದು ಪುಟದ ದೂರಿನ ನಮೂನೆ ಅಲ್ಲಿ ಸಿಗಲಿ. ಪರಿಷತ್ತಿನ ಕೆಲಸ ಸಲಹೆ ಕೊಡುವುದು ಎನ್ನುವುದು ನನಗೆ ಗೊತ್ತು. ಆದರೆ ಅದರ ಅಧ್ಯಕ್ಷರೇ ಜಿಲ್ಲಾಧಿಕಾರಿ ಆಗಿರುವಾಗ ಇಷ್ಟು ಸಲಹೆ ಜಾರಿಯಾಗಲು ಇನ್ನೊಬ್ಬರ ಅಪ್ಪಣೆ ಬೇಕೆಂದು ನನಗನ್ನಿಸುವುದಿಲ್ಲ.

ಈ ಪತ್ರವನ್ನೇ 17ನೇ ಕಲಂ ಕೆಳಗಿನ ದೂರು ಎಂದು ದಾಖಲಿಸಿಕೊಳ್ಳಿ. ಬಿಲ್ಲಿಲ್ಲದ ಮಾರಾಟ ಮತ್ತು ನೋಂದಣಿ ಇಲ್ಲದ ಎಲೆಚುಕ್ಕಿ ಔಷಧಿಗಳು, ಈ ಎರಡು ವಿಷಯಕ್ಕೆ. ನಮ್ಮ ಸುತ್ತಿನ ಊರುಗಳಿಂದ ಬಿಳಿ ಚೀಟಿಗಳನ್ನೂ ಲೇಬಲ್ಲುಗಳ ಫೋಟೋಗಳನ್ನೂ ಒಟ್ಟು ಮಾಡುತ್ತಿದ್ದೇವೆ. ಅಂಗಡಿಯವರಿಗೆ ತೊಂದರೆ ಕೊಡುವ ಉದ್ದೇಶ ನಮ್ಮದಲ್ಲ, ಹಾಗಾಗಿ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ವಿಚಾರಣೆಗೆ ದಿನ ಗೊತ್ತು ಮಾಡಿ ತಾಲ್ಲೂಕು ಕಚೇರಿಯಲ್ಲಿ ನೋಟಿಸ್ ಹಾಕಿಸಿ. ದಾಖಲೆಗಳ ಸಮೇತ ಬಂದು ಹೇಳಿಕೆ ಕೊಡುತ್ತೇವೆ.

ಇತಿ,
ಹೊಸನಗರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ